ರೆಟಿಕ್ಯುಲಾಟಾ ಐರಿಸ್ ಎರಡನೆಯ ವರ್ಷ ಹೂ ಬಿಡಲಿಲ್ಲ: ಗಡ್ಡೆಗಳನ್ನು ಉಳಿಸಿಕೊಳ್ಳಬಹುದೇ?

ಉಳ್ಳಾಗಡ್ಡಿ (ಪ್ರಶ್ನೆ)

ನಮಸ್ಕಾರ. ನಾನು ಧಾರವಾಡದ ಕಡೆಯವನು. ಒಂಬತ್ತು ವರ್ಷಗಳಿಂದ ಇಂಗ್ಲೆಂಡಿನ ರೆಡಿಂಗ್ ಊರಿನ ಹೊರವಲಯದಲ್ಲಿದ್ದೇನೆ. ಮನೆಯ ಹಿಂದೆ ಚಿಕ್ಕದೊಂದು ಕೈತೋಟವಿದೆ, ಆದರೆ ಮಣ್ಣು ಜೇಡಿ. ಮಳೆಗಾಲದಲ್ಲಿ ನಮ್ಮ ಎರೆಭೂಮಿ ಕಾಲಿಗೆ ಮೆತ್ತಿಕೊಳ್ಳುವಂತೆ ಇಲ್ಲಿಯದು ಬೂಟಿಗೆ ಮೆತ್ತಿಕೊಳ್ಳುತ್ತದೆ. 2023ರ ಅಕ್ಟೋಬರಿನಲ್ಲಿ ನೀಲಿಯ ‘ಹಾರ್ಮನಿ’ ಮತ್ತು ಹಳದಿಯ ಡ್ಯಾನ್‌ಫೋರ್ಡಿಯೇ ಎಂಬ, ರೆಟಿಕ್ಯುಲಾಟಾ ಗುಂಪಿನ ಎರಡು ಬಗೆಯ ಪುಟ್ಟ ಐರಿಸ್ ಹೂಗಡ್ಡೆಗಳನ್ನು ತಲಾ 25ರಂತೆ ತಂದು ನೆಟ್ಟೆ. 2024ರ ಫೆಬ್ರವರಿಯಲ್ಲಿ, ಬೇರೆ ಯಾವ ಗಿಡವೂ ಕಣ್ಣು ಬಿಡದಿದ್ದಾಗ, ಗೇಣುದ್ದವೂ ಇಲ್ಲದ ಆ ಹೂಗಳು ಹೆಪ್ಪುಗಟ್ಟಿದ ಇಬ್ಬನಿಯ ನಡುವೆ ಎದ್ದು ನಿಂತಿದ್ದನ್ನು ಕಂಡು ಮನೆಮಂದಿಯೆಲ್ಲ ಸಂತೋಷಪಟ್ಟೆವು.

ಈ ವರ್ಷ ಅದೇ ಪಾತಿಯಲ್ಲಿ ಹುಲ್ಲಿನಂತಹ ಎಲೆಗಳು ಬೇಕಾದಷ್ಟು ಬಂದವು, ಹೂ ಮಾತ್ರ ‘ಹಾರ್ಮನಿ’ಯಲ್ಲಿ ಮೂರು, ಹಳದಿಯದರಲ್ಲಿ ಒಂದೂ ಇಲ್ಲ. ಜುಲೈನಲ್ಲಿ ಅಗೆದು ನೋಡಿದಾಗ ನೀಲಿಯವು ಬಟಾಣಿಯ ಗಾತ್ರಕ್ಕೂ, ಹಳದಿಯವು ಹೆಚ್ಚುಕಡಿಮೆ ಅಕ್ಕಿಕಾಳಿನ ಗಾತ್ರಕ್ಕೂ ಒಡೆದುಹೋಗಿದ್ದವು. ಕೆಲವು ಗಡ್ಡೆಗಳ ಸಿಪ್ಪೆಯ ಮೇಲೆ ಮಸಿ ಚೆಲ್ಲಿದಂತಹ ಕಪ್ಪು ಕಲೆಗಳೂ ಇವೆ.

ನಾನು ಮಾಡಿದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಹೂ ಮುಗಿದ ಮೇಲೆ ಎಲೆಗಳು ಉದ್ದಕ್ಕೆ ಬೆಳೆದು ಅಡ್ಡಾದಿಡ್ಡಿ ಬಿದ್ದುಕೊಂಡದ್ದರಿಂದ ಏಪ್ರಿಲ್ ಮೊದಲ ವಾರದಲ್ಲೇ ಅವನ್ನು ಕತ್ತರಿಸಿದೆ. ಜೂನ್‌ನಲ್ಲಿ ಅದೇ ಪಾತಿಗೆ ಬೀನ್ಸ್ ಬಳ್ಳಿ ಹಬ್ಬಿಸಿ ದಿನವೂ ಸಂಜೆ ನೀರು ಹಾಯಿಸಿದೆ. ಈ ಮರಿಗಡ್ಡೆಗಳನ್ನು ಮತ್ತೆ ನೆಟ್ಟರೆ ಪ್ರಯೋಜನವಿದೆಯೇ, ಅಥವಾ ಗೊಬ್ಬರದ ಗುಂಡಿಗೆ ಹಾಕಿ ಹೊಸದನ್ನು ತರುವುದೇ ಲೇಸೇ?

ಕುಂಡದ ತೋಟ

ನಾನು ಕೇಂಬ್ರಿಜ್‌ನಲ್ಲಿದ್ದೇನೆ, ಈ ಐರಿಸ್‌ಗಳನ್ನು ಏಳೆಂಟು ವರ್ಷಗಳಿಂದ ಕುಂಡಗಳಲ್ಲಿ ಬೆಳೆಸುತ್ತಿದ್ದೇನೆ. ನಿಮ್ಮ ಗಡ್ಡೆಗಳು ಸತ್ತಿಲ್ಲ, ಉಪವಾಸ ಬಿದ್ದಿವೆ. ಹೂ ಬಿಟ್ಟ ಗಡ್ಡೆ ತನ್ನಲ್ಲಿದ್ದ ಆಹಾರವನ್ನೆಲ್ಲ ಹೂವಿಗೆ ವ್ಯಯಿಸಿ ಸವೆದುಹೋಗುತ್ತದೆ, ಅದರ ಜಾಗದಲ್ಲಿ ಹೊಸ ಗಡ್ಡೆ ತುಂಬಿಕೊಳ್ಳಬೇಕಾದದ್ದು ಹೂ ಬಾಡಿದ ನಂತರ ಆ ಉದ್ದನೆಯ ಎಲೆಗಳು ಕೂಡಿಡುವ ಸಂಗ್ರಹದಿಂದ. ಎಲೆಯನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿ, ತುಳಸಿಯ ದಂಟಿನಂತೆ ನಾಲ್ಕು ಮೂಲೆಗಳು ಕೈಗೆ ತಗಲುತ್ತವೆ. ಆ ಸಪೂರ ಎಲೆಗೆ ಇಡೀ ವರ್ಷದ ಗಳಿಕೆಗಾಗಿ ಸಿಗುವ ಕಾಲ ಮೂರು ತಿಂಗಳಿಗಿಂತ ಹೆಚ್ಚಲ್ಲ, ಅದರಲ್ಲಿ ಅರ್ಧವನ್ನು ನಿಮ್ಮ ಕತ್ತರಿ ಕಿತ್ತುಕೊಂಡಿತು. ಎಲೆ ತಾನಾಗಿ ಹಳದಿಯಾಗಿ ಒಣಗುವವರೆಗೆ, ಸಾಮಾನ್ಯವಾಗಿ ಮೇ ಕೊನೆಯವರೆಗೆ, ಅದನ್ನು ಮುಟ್ಟಬಾರದು. ಈ ಅವಧಿಯಲ್ಲಿ ಹದಿನೈದು ದಿನಗಳಿಗೊಮ್ಮೆ, ಟೊಮೇಟೊಗೆ ಹಾಕುವ ಪೊಟ್ಯಾಶ್ ಹೆಚ್ಚಿರುವ ದ್ರವ ಗೊಬ್ಬರವನ್ನು ಅರ್ಧ ಪ್ರಮಾಣದಲ್ಲಿ ಕೊಡಬೇಕು.

ಎರಡನೆಯ ತಪ್ಪು ಬೇಸಿಗೆಯಲ್ಲಿ ಬೀನ್ಸ್‌ಗೆಂದು ಹಾಯಿಸಿದ ನೀರಿನದು. ರೆಟಿಕ್ಯುಲಾಟಾದ ತವರು ಟರ್ಕಿ, ಕಾಕಸಸ್, ಉತ್ತರ ಇರಾಕ್ ಮತ್ತು ಇರಾನಿನ ಗುಡ್ಡಗಾಡು. ಚಳಿಗಾಲದಲ್ಲಿ ಹಿಮ, ಹಿಮ ಕರಗಿದಾಗ ನೀರು, ಆಮೇಲೆ ತಿಂಗಳುಗಟ್ಟಲೆ ಸುಡುವ ಒಣ ಬೇಸಿಗೆ. ಗಡ್ಡೆಯ ಹೊರಗಿನ ಸಿಪ್ಪೆಯನ್ನು ಗಮನಿಸಿದ್ದೀರಾ? ತೆಂಗಿನ ಗರಿಯ ಬುಡದಲ್ಲಿ ಸುತ್ತಿಕೊಂಡಿರುವ ನಾರಿನ ಜಾಲರಿಯನ್ನು ಚಿಕ್ಕದು ಮಾಡಿ ತೊಡಿಸಿದಂತಿರುತ್ತದೆ. ಬಲೆಯಂಥದ್ದು ಎಂಬ ಅರ್ಥದ ‘ರೆಟಿಕ್ಯುಲಾಟಾ’ ಎಂಬ ಹೆಸರು ಬಂದದ್ದೂ ಅದರಿಂದಲೇ. ಧಾರವಾಡದವರಾದ ನಿಮಗೆ ನಾನು ಉಳ್ಳಾಗಡ್ಡಿಯ, ಅಂದರೆ ಈರುಳ್ಳಿಯ, ವಿಷಯ ಹೇಳಬೇಕಾಗಿಲ್ಲ: ಕಿತ್ತ ಮೇಲೆ ನೆನೆದರೆ ಏನಾಗುತ್ತದೆಂಬುದು ನಿಮ್ಮ ಹೆಸರಿನಲ್ಲೇ ಇದೆ.

ಜೇಡಿಮಣ್ಣಿನಲ್ಲಿ ಇವನ್ನು ಬಹುಕಾಲ ಉಳಿಸುವುದು ಕಷ್ಟ, ಆದ್ದರಿಂದ ಕುಂಡವೇ ಉತ್ತಮ ಎಂಬುದು ನನ್ನ ಅಭಿಪ್ರಾಯ. ಮಣ್ಣು ಆಧಾರಿತ ಮಿಶ್ರಣಕ್ಕೆ ಅಷ್ಟೇ ಪ್ರಮಾಣದ ಒರಟು ಹರಳುಮರಳು ಸೇರಿಸಿ, ಸೆಪ್ಟೆಂಬರ್‌ನಲ್ಲಿ 8ರಿಂದ 10 ಸೆಂ.ಮೀ. ಆಳಕ್ಕೆ ನೆಡಿ, ಚಳಿ ತಗಲುವಂತೆ ಹೊರಗೇ ಇಡಿ, ಎಲೆ ಒಣಗಿದೊಡನೆ ಕುಂಡವನ್ನು ಮಳೆ ಬೀಳದ ಮಾಡಿನಡಿಗೆ ಸರಿಸಿ ಸೆಪ್ಟೆಂಬರ್‌ವರೆಗೆ ಮರೆತುಬಿಡಿ. ನನಗೆ ಅತ್ಯಂತ ಕಷ್ಟವಾದದ್ದು ಈ ಮರೆಯುವ ಕೆಲಸವೇ. ಮೊದಲೆರಡು ವರ್ಷ ಒಣಗಿದ ಕುಂಡ ಕಂಡಾಗಲೆಲ್ಲ ಕೈ ತಾನಾಗಿ ನೀರಿನ ಚೊಂಬಿಗೆ ಹೋಗುತ್ತಿತ್ತು.

ಲೈಡನ್‌ವಾಸಿ

ಕಪ್ಪು ಕಲೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಅದು ಬಹುತೇಕ ಮಸಿರೋಗ ಎಂಬ ಶಿಲೀಂಧ್ರ ಬಾಧೆ. ಸಿಪ್ಪೆಯನ್ನು ಮೆಲ್ಲಗೆ ಬಿಡಿಸಿ ನೋಡಿ: ಕಲೆ ಹೊರಗಿನ ಜಾಲರಿಯಲ್ಲಷ್ಟೇ ಇದ್ದು ಒಳಗಿನ ತಿರುಳು ಬೆಳ್ಳಗೆ ಗಟ್ಟಿಯಾಗಿದ್ದರೆ ಆ ಗಡ್ಡೆಯನ್ನು ಪ್ರತ್ಯೇಕ ಕುಂಡದಲ್ಲಿ ಪರೀಕ್ಷಿಸಬಹುದು, ತಿರುಳಿಗೂ ಇಳಿದಿದ್ದರೆ ಅದನ್ನು ಕಸದ ಡಬ್ಬಿಗೆ ಹಾಕಬೇಕೇ ಹೊರತು ಗೊಬ್ಬರದ ಗುಂಡಿಗಲ್ಲ. ಆ ಪಾತಿಯಲ್ಲಿ ಕೆಲವು ವರ್ಷ ಗಡ್ಡೆಯ ಐರಿಸ್ ನೆಡದಿರುವುದು ಕ್ಷೇಮ.

ನಾನಿರುವುದು ನೆದರ್‌ಲ್ಯಾಂಡ್ಸ್‌ನ ಹೂಗಡ್ಡೆಗಳ ಸೀಮೆಯ ಅಂಚಿನಲ್ಲಿ. ಇಲ್ಲಿಯ ಬೆಳೆಗಾರರಿಗೆ ಕಡಲದಂಡೆಯ ಮರಳುಮಣ್ಣಿನ ಅನುಕೂಲವಿದೆ. ಅಷ್ಟಿದ್ದರೂ ಅವರು ಬೇಸಿಗೆಯಲ್ಲಿ ಗಡ್ಡೆಗಳನ್ನು ಕಿತ್ತು, ಒಣಗಿಸಿ, ಸುತ್ತಳತೆಯ ಪ್ರಕಾರ ವಿಂಗಡಿಸುತ್ತಾರೆ. ಅಂಗಡಿಯಲ್ಲಿ ನಿಮಗೆ ಸಿಗುವುದು ಹೂ ಬಿಡುವ ಗಾತ್ರಕ್ಕೆ ಬಂದದ್ದು ಮಾತ್ರ. ಮರಿಗಳು ಮತ್ತೆ ಹೊಲಕ್ಕೆ ಹೋಗುತ್ತವೆ. ಆದ್ದರಿಂದ ಮೊದಲ ವರ್ಷದ ಹೂವಿನ ಶ್ರೇಯಸ್ಸು ಅವರದು, ನಮ್ಮ ಕೈಗುಣ ತಿಳಿಯುವುದು ಎರಡನೆಯ ವರ್ಷದಿಂದ. ನಿಮ್ಮ ಬಟಾಣಿ ಗಾತ್ರದವು ಎರಡು ಮೂರು ವರ್ಷಗಳಲ್ಲಿ ಹೂ ಬಿಟ್ಟಾವು.

ಟೊರಾಂಟೊ ಮಲೆನಾಡಿಗ

ಮೇಲಿನ ಮಾತುಗಳನ್ನು ಒಪ್ಪುತ್ತಲೇ ಒಂದು ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ಡ್ಯಾನ್‌ಫೋರ್ಡಿಯೇ ಜಾತಿಯ ವಿಷಯದಲ್ಲಿ ನಿಮ್ಮ ತಪ್ಪು ಅಷ್ಟೇನೂ ಇಲ್ಲ. ಎಷ್ಟೇ ಜೋಪಾನ ಮಾಡಿದರೂ ಹೂ ಬಿಟ್ಟ ಮೇಲೆ ಚೂರುಚೂರಾಗಿ ಒಡೆಯುವುದು ಅದರ ಹುಟ್ಟುಗುಣ. ನೀರು ಚೆನ್ನಾಗಿ ಬಸಿಯುವ ಮಣ್ಣಿನಲ್ಲಿ 15 ಸೆಂ.ಮೀ. ಅಥವಾ ಇನ್ನೂ ಆಳಕ್ಕೆ ನೆಟ್ಟರೆ ಒಡೆಯುವುದು ಸ್ವಲ್ಪ ತಗ್ಗುತ್ತದೆ, ಆದರೆ ನಿಮ್ಮ ಜೇಡಿಯಲ್ಲಿ ಅಷ್ಟು ಆಳಕ್ಕೆ ಇಳಿಸುವುದೆಂದರೆ ಬಾವಿಗೆ ಇಳಿಸಿದಂತೆ. ಅಕ್ಕಿಕಾಳುಗಳನ್ನು ಬಿಟ್ಟುಬಿಡಿ, ಆ ಹಳದಿ ಬೇಕೇ ಬೇಕೆಂದರೆ ಚೆಂಡುಹೂವಿನಂತೆ ವರ್ಷಕ್ಕೊಮ್ಮೆ ಹೊಸದಾಗಿ ನೆಡುವ ಗಿಡವೆಂದು ಭಾವಿಸಿ.

ನೆಲದಲ್ಲಿಯೇ ಬೆಳೆಸುವ ಆಸೆಯಿದ್ದರೆ ‘ಕ್ಯಾಥರೀನ್ ಹಾಜ್‌ಕಿನ್’ ತಳಿಯನ್ನು ಪ್ರಯತ್ನಿಸಿ. ತಿಳಿನೀಲಿ ಮೈ, ಹಳದಿಯ ಛಾಯೆ, ಎಸಳಿನ ಮೇಲೆ ಶಾಯಿಯಲ್ಲಿ ಎಳೆದಂತಹ ಗೆರೆಗಳು. ಕೆಲವರಿಗೆ ಆ ಬಣ್ಣ ರೋಗಿಷ್ಠವೆನಿಸುತ್ತದೆ, ನನಗಂತೂ ಅದೇ ಪ್ರಿಯ. ಇದರ ಹಿರಿಯರಲ್ಲಿ ಒಂದಾದ ವಿನೊಗ್ರಡೋವಿಯೈ ಎಂಬುದು ಜಾರ್ಜಿಯಾ ದೇಶದ ಎತ್ತರದ ಹುಲ್ಲುಗಾವಲಿನದು, ಬೇಸಿಗೆಯಲ್ಲಿ ಪೂರ್ತಿ ಒಣಗುವುದನ್ನು ಅದು ಸಹಿಸುವುದಿಲ್ಲ. ಆ ರಕ್ತ ಇದರಲ್ಲಿರುವುದರಿಂದಲೇ ಇರಬೇಕು, ಉಳಿದವು ಸೋಲುವ ತೇವದ ತೋಟಗಳಲ್ಲೂ ಇದು ವರ್ಷ ವರ್ಷ ಗುಂಪು ಕಟ್ಟುತ್ತದೆ. ನಮ್ಮ ಊರಿನವರೇ ಆದ ಅಲನ್ ಮ್ಯಾಕ್‌ಮರ್ಟ್ರಿ ಅವರು ದಶಕಗಳ ಕಾಲ ಡ್ಯಾನ್‌ಫೋರ್ಡಿಯೇಯನ್ನು ಬೇರೆ ಕಾಡುಜಾತಿಗಳೊಂದಿಗೆ ಸಂಕರ ಮಾಡಿ ಬೆಳೆಸಿದ ತಳಿಗಳೂ ಈಗ ಮಾರಾಟಕ್ಕಿವೆ. ಬಿಳಿಯ ಮೇಲೆ ನೀಲಿ ಮೂಡಿದ ‘ಐ ಕ್ಯಾಚರ್’ ಅವುಗಳಲ್ಲೊಂದು.

ಬಸವನಗುಡಿ ತಾರಸಿ

ಇದೇ ಗಡ್ಡೆಗಳನ್ನು ಬೆಂಗಳೂರಿನಲ್ಲಿ ಬೆಳೆಸಬಹುದೇ? ಊರಿಗೆ ಬರುವಾಗ ತರುತ್ತೇನೆ ಎನ್ನುತ್ತಿದ್ದಾನೆ ನನ್ನ ತಮ್ಮ.

ಕುಂಡದ ತೋಟ

ತರಿಸಬೇಡಿ. ಗಿಡಗಡ್ಡೆಗಳನ್ನು ಪರವಾನಗಿಯಿಲ್ಲದೆ ಸೂಟ್‌ಕೇಸಿನಲ್ಲಿ ತರುವಂತಿಲ್ಲ ಎಂಬುದು ಒಂದು. ಹೂಮೊಗ್ಗು ಮೇಲೇಳಲು ಇವಕ್ಕೆ ಮೂರು ತಿಂಗಳ ಗಟ್ಟಿ ಚಳಿ ಬೇಕು, ಬೆಂಗಳೂರಿನ ಡಿಸೆಂಬರ್ ಅದಕ್ಕೆ ಸಾಲದು ಎಂಬುದು ಇನ್ನೊಂದು. ಐರಿಸ್ ಕುಟುಂಬದ್ದೇ ಆದ ವಾಕಿಂಗ್ ಐರಿಸ್ ನಿಮ್ಮ ತಾರಸಿಯ ನೆರಳಿನಲ್ಲಿ ಯಾವ ಚಳಿಯನ್ನೂ ಬೇಡದೆ ಹೂ ಬಿಡುತ್ತದೆ.

ಉಳ್ಳಾಗಡ್ಡಿ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಕುಳಿತು ಒಂದೊಂದನ್ನೇ ಬಿಡಿಸಿ ನೋಡಿದೆ: ‘ಹಾರ್ಮನಿ’ಯಲ್ಲಿ ಮಸಿಯಿಲ್ಲದ ಮರಿಗಳು 38 ಉಳಿದವು, ಅವೆಲ್ಲ ಎರಡು ಅಗಲದ ಕುಂಡಗಳಿಗೆ ಹೋದವು. ಕಲೆ ಇದ್ದ ಹನ್ನೊಂದು ಮತ್ತು ಅಕ್ಕಿಕಾಳುಗಳೆಲ್ಲ ಕಸದ ಡಬ್ಬಿಗೆ. ಬೇಲಿಯ ಬದಿಯ ಇಳಿಜಾರಿನಲ್ಲಿ, ಹಳೆಯ ಪಾತಿಯಿಂದ ದೂರದಲ್ಲಿ, ‘ಕ್ಯಾಥರೀನ್ ಹಾಜ್‌ಕಿನ್’ ಹತ್ತು ನೆಡುತ್ತೇನೆ. ಕೊನೆಯದೊಂದು ಸಂದೇಹ: ಹೂದಾನಿಗೆಂದು ಎತ್ತರದ ಡಚ್ ಐರಿಸ್ ಗಡ್ಡೆಗಳನ್ನೂ ತಂದಿದ್ದೇನೆ. ಪಕ್ಕದ ಮನೆಯವರ ತೋಟದಲ್ಲಿ ಕಳೆದ ನವೆಂಬರ್‌ನಲ್ಲೇ ಅದರ ಎಲೆ ಮೇಲೆದ್ದಿತ್ತು. ಹಿಮ ಬಿದ್ದರೆ ಸುಟ್ಟುಹೋಗುವುದಿಲ್ಲವೇ?

ಲೈಡನ್‌ವಾಸಿ

ಅದು ಅದರ ಸಹಜ ಕ್ರಮ. ಡಚ್ ಐರಿಸ್‌ನ ಮೂಲಜಾತಿಗಳು ಸ್ಪೇನ್ ಮತ್ತು ಮೊರಾಕ್ಕೋ ಕಡೆಯವು, ಅಲ್ಲಿ ಶರತ್ಕಾಲದ ಮಳೆಗೆ ಎಲೆ ಚಿಗುರಿ ಬೇಸಿಗೆಗೆ ಮೊದಲು ಹೂ ಮುಗಿಯಬೇಕು. ಆ ಅಭ್ಯಾಸವನ್ನು ಅವು ಇಲ್ಲಿಯೂ ಬಿಟ್ಟಿಲ್ಲ. ತುದಿ ಸ್ವಲ್ಪ ಕಂದಿದರೂ ಮೇ ಕೊನೆಗೆ ಅಥವಾ ಜೂನ್‌ಗೆ ಹೂ ಬರುತ್ತದೆ. ಕಡೆಯ ಪಕ್ಷ ಈ ಎಲೆಗಳನ್ನಾದರೂ ಕತ್ತರಿಸಬೇಡಿ.