ಜುಲೈನಲ್ಲಿ ಮಾಡಿದ ಅವರೆಕಾಳು ಸಾರು

ಪ್ರಶ್ನೆ: ಬೆಂಗಳೂರಿಂದ ಕೋಲಾರಕ್ಕೆ ಸೊಸೆಯಾಗಿ ಬಂದೋಳು ನಾನು. ಮೊನ್ನೆ ಫ್ರೋಜನ್ ಪ್ಯಾಕೆಟ್ ಅವರೆಕಾಳು ತಂದು ಹಿತಕಿದ ಬೇಳೆ ಸಾರು ಮಾಡಿದೆ. ಅತ್ತೆ ಒಂದು ತುತ್ತು ಮುದ್ದೆ ಅದ್ದಿಕೊಂಡು, "ಸೊಗಡೇ ಇಲ್ವಲ್ಲಮ್ಮ" ಅಂದ್ರು. ಕಾಲದ್ದು ಕಾಲಕ್ಕೇ ತಿನ್ನಬೇಕು ಅನ್ನೋದ್ರಲ್ಲಿ ನಿಜಕ್ಕೂ ಏನಾದ್ರೂ ಇದೆಯಾ?

ಉತ್ತರ 1: ಇದೆ ತಾಯಿ. ಸೊಗಡು ಇರೋದು ಸಿಪ್ಪೆ ಮೇಲಿನ ಎಣ್ಣೆಯಂಥ ಅಂಟಿನಲ್ಲಿ, ಕೈಗೂ ಹತ್ತುತ್ತೆ. ಡಿಸೆಂಬರ್-ಜನವರಿ ಚಳಿಗೆ, ಇಬ್ಬನಿ ಬಿದ್ದಾಗ ಬಿಡಿಸಿ ನೋಡಿ, ಮನೆಯೆಲ್ಲ ಘಮ. ನಮ್ಮ ಹೊಲದಲ್ಲಿ ರಾಗಿ ಸಾಲಿನ ನಡುವೆಯೇ ಅವರೆ. ಬೆಳಿಗ್ಗೆ ಕಿತ್ತದ್ದು ಮಧ್ಯಾಹ್ನಕ್ಕೆ ಸಾರು. ಸೀಸನ್‌ನಲ್ಲಿ ರೇಟೂ ಇಳಿದಿರುತ್ತೆ.

ಉತ್ತರ 2: ಪೌಷ್ಟಿಕಾಂಶ ಪ್ಯಾಕೆಟ್‌ನಲ್ಲೂ ಇರುತ್ತಪ್ಪ. ರುಚಿ ಬೇರೆ ಮಾತು. ಅಕ್ಕ, ಜುಲೈಗೆ ಅವರೆ ಯಾಕೆ? ಮಳೆ ಬಿದ್ದಮೇಲೆ ಹೊಲದ ಬದುವಿನಲ್ಲಿ ಅಣ್ಣೆಸೊಪ್ಪು, ಗೋಣಿಸೊಪ್ಪು ಎಲ್ಲ ಏಳುತ್ತೆ. ಬೆರಕೆ ಸೊಪ್ಪಿನ ಮಸ್ಸೊಪ್ಪು ಮಾಡಿ. ಗುರುತು ಗೊತ್ತಿರೋರ ಜೊತೆ ಹೋಗಿ, ಸಿಕ್ಕಿದ್ದೆಲ್ಲ ಕೀಳಬೇಡಿ.

ಪ್ರಶ್ನೆ ಕೇಳಿದವರು: ಅತ್ತೆ ಜೊತೆ ಹೋಗಿದ್ದೆ. ನಾನು ಕಿತ್ತದ್ದರಲ್ಲಿ ಅರ್ಧ ಕಳೆ ಅಂತೆ, ಹಸುವಿಗೆ ಹಾಕಿದ್ರು. ಉಳಿದದ್ದರ ಮಸ್ಸೊಪ್ಪಿಗೆ ಎರಡನೇ ಮುದ್ದೆ ಹಾಕಿಸಿಕೊಂಡ್ರು!