ಮುಧೋಳ ನಾಯಿ ಕುರಿ ಕಂಡರೆ ಕೈಗೆ ಸಿಗುತ್ತಿಲ್ಲ, ಏನು ಮಾಡಲಿ?

ತೋಟದಮನೆ:
ನಮಸ್ಕಾರ. ನಮ್ಮದು ತಿಪಟೂರಿನ ಹತ್ತಿರ ತೆಂಗಿನ ತೋಟ. ಕಾವಲಿಗೆ ಅಂತ ಮುಧೋಳದ ಗಂಡು ಮರಿ ತಂದಿದ್ದೆ. ಹೆಸರು ಕೆಂಚ, ಈಗ 14 ತಿಂಗಳು. ಮನೆಯವರ ಜೊತೆ ತುಂಬಾ ಸಾಧು. ಆದರೆ ಕುರಿ ಕಂಡರೆ ಬೇರೆ ನಾಯಿಯೇ ಆಗಿಬಿಡುತ್ತಾನೆ. ಹೋದ ವಾರ ಕೊರಳಪಟ್ಟಿಯಿಂದ ತಲೆ ಕಳಚಿಕೊಂಡು ಪಕ್ಕದ ಹೊಲದ ಮಂದೆಗೆ ನುಗ್ಗಿ ಒಂದು ಮರಿಯ ತೊಡೆಗೆ ಬಾಯಿ ಹಾಕಿದ. ಔಷಧಿಯ ಖರ್ಚು ಕೊಟ್ಟೆ. ಕುರಿಯವರು ಹಳೇ ಪರಿಚಯ, ಈ ಸಲ ಬಿಟ್ಟರು. ಇನ್ನೊಂದು ಸಲ ಆದರೆ ಸುಮ್ಮನಿರಲ್ಲ ಅಂದಿದ್ದಾರೆ. ಅವರ ಮಾತಿನಲ್ಲಿ ತಪ್ಪಿಲ್ಲ.

ವಾಪಸ್ ಬಂದಾಗ ಕೋಪದಲ್ಲಿ ಎರಡೇಟು ಹಾಕಿದೆ. ಈಗ ಕರೆದರೆ ಹತ್ತು ಮಾರು ದೂರದಲ್ಲೇ ನಿಲ್ಲುತ್ತಾನೆ. ಹಗಲೆಲ್ಲ ಸರಪಳಿಯಲ್ಲಿ ಕಟ್ಟಿ ರಾತ್ರಿ ಬಿಡುತ್ತಿದ್ದೇನೆ. ದಿನೇದಿನೇ ರೇಗಾಟ ಜಾಸ್ತಿ. ಬೀಜ ತೆಗೆಸಿದರೆ ಸರಿಹೋಗುತ್ತಾ? ಮನೆಯಲ್ಲಿ ಯಾರಿಗಾದರೂ ಕೊಟ್ಟುಬಿಡು ಅಂತಿದ್ದಾರೆ. ನನಗೆ ಮನಸ್ಸಿಲ್ಲ.

ಘಟಪ್ರಭಾದಂಡೆ:
ಮೊದಲು ಕುರಿಮರಿ ಹೇಗಿದೆ ರೀ? ನಾಯಿ ಹಲ್ಲಿನ ಗಾಯ ಮೇಲೆ ಸಣ್ಣದು ಕಂಡರೂ ಒಳಗೆ ಕೀವು ಕಟ್ಟುತ್ತದೆ. ಇನ್ನೊಮ್ಮೆ ಡಾಕ್ಟರಿಗೆ ತೋರಿಸಿ. ಕೆಂಚನ ರೇಬೀಸ್ ಲಸಿಕೆ ಕಾರ್ಡನ್ನು ಕುರಿಯವರಿಗೂ ತೋರಿಸಿ, ಅವರಿಗೂ ಧೈರ್ಯ ಬರುತ್ತದೆ.

ನಮ್ಮದು ಮುಧೋಳದ ಕಡೆಯೇ. ಅಜ್ಜನ ಕಾಲದಿಂದ ಮನೆಯಲ್ಲಿ ಈ ನಾಯಿಗಳಿವೆ. ಇದು ಕಣ್ಣಿನಿಂದ ಬೇಟೆ ಆಡುವ ತಳಿ. ಮುಂದೆ ಏನೋ ಓಡಿತು ಅಂದರೆ ಕಣ್ಣು ನೆಡುತ್ತದೆ, ಕಾಲು ಹೊರಡುತ್ತದೆ, ಆಮೇಲೆ ನೀವು ಎಷ್ಟು ಕೂಗಿದರೂ ಕೇಳಿಸುವುದಿಲ್ಲ. ಅದು ಹಟವಲ್ಲ. ಮಾಲೋಜಿರಾವ್ ಘೋರ್ಪಡೆ ರಾಜರು ಉಳಿಸಿ ಬೆಳೆಸಿದ್ದು ಇದೇ ಓಟದ ನಾಯಿಯನ್ನು. ಕುರಿ ಹಟ್ಟಿಯಲ್ಲೇ ಬೆಳೆದ ಮುಧೋಳ ನಾಯಿಗಳು ನಮ್ಮೂರಲ್ಲಿವೆ, ಕುರಿಮರಿಗಳು ಮೈಮೇಲೆ ಹತ್ತಿದರೂ ಏಳುವುದಿಲ್ಲ. ಕೆಂಚನಿಗೆ ಆ ಬಳಕೆ ಇಲ್ಲ, ಅಷ್ಟೇ.

ಪಟ್ಟಿ ಇವತ್ತೇ ಬದಲಿಸಿ. ಈ ನಾಯಿಯ ತಲೆ ಕತ್ತಿಗಿಂತ ಸಣ್ಣದು, ಹಾಗಾಗಿ ಮಾಮೂಲಿ ಪಟ್ಟಿ ನಿಲ್ಲುವುದಿಲ್ಲ. ಅಗಲದ ಮಾರ್ಟಿಂಗೇಲ್ ಪಟ್ಟಿ ತನ್ನಿ. ಎಳೆದರೆ ಒಂದು ಹದಕ್ಕೆ ಬಿಗಿಯಾಗಿ ನಿಲ್ಲುತ್ತದೆ, ಉಸಿರು ಕಟ್ಟುವುದಿಲ್ಲ. ಹಾಕಿದ ಮೇಲೆ ಹಿಂದಿನಿಂದ ಕಿವಿಯ ಕಡೆಗೆ ಎಳೆದು ನೋಡಿ. ಕಿವಿ ದಾಟಿದರೆ ಇನ್ನೂ ಸಡಿಲ ಅಂತ.

ಮುಂದಿನ ಒಂದು ವಾರ ಕುರಿ ಕಾಣುವ ಕಡೆ ಹೋಗಲೇಬೇಡಿ. ಒಂದು ಸೀಟಿ ತಂದುಕೊಳ್ಳಿ. ಅಂಗಳದಲ್ಲಿ ಸೀಟಿ ಊದಿ, ಕೂಡಲೇ ಬೇಯಿಸಿದ ಕೋಳಿ ಲಿವರ್ ಚೂರು ಕೊಡಿ. ದಿನಕ್ಕೆ ಇಪ್ಪತ್ತು ಸಲ. ಹಳೇ ಕರೆಗೆ ಏಟಿನ ನೆನಪು ಅಂಟಿಕೊಂಡಿದೆ, ಅದನ್ನು ಬಿಡಿ. ಸೀಟಿ ಊದಿ ಕರೆದು ಕಟ್ಟಬೇಡಿ, ಬೈಯಬೇಡಿ. ಎಷ್ಟು ತಡವಾಗಿ ಬಂದರೂ ಲಿವರ್ ಸಿಗಲೇಬೇಕು.

ಕೆರೆಕೋಡಿ:
ನನ್ನ ನಾಯಿಗೆ ಕರೆಂಟ್ ಶಾಕ್ ಕೊಡುವ ಪಟ್ಟಿ ಹಾಕಿದ್ದೆ. ಎರಡೇ ದಿನಕ್ಕೆ ನಿಂತಿತು. ಅದನ್ನೂ ನೋಡಬಹುದು.

ಘಟಪ್ರಭಾದಂಡೆ:
ಅಣ್ಣಾ, ನಿಮ್ಮಲ್ಲಿ ನಿಂತಿರಬಹುದು, ಆದರೆ ನಾನು ಬೇಡ ಅಂತೀನಿ. ನೋವು ಆದ ಹೊತ್ತಿಗೆ ಕಣ್ಣ ಮುಂದೆ ಕುರಿ ಇದ್ದರೆ ಕುರಿಯ ಮೇಲೆ, ಹುಡುಗ ಇದ್ದರೆ ಹುಡುಗನ ಮೇಲೆ ಸಿಟ್ಟು ತಿರುಗಬಹುದು. ಏಟಿಗೇ ಹೆದರಿ ದೂರ ನಿಂತಿರುವ ನಾಯಿ ಇದು.

ಪಶುವೈದ್ಯೆ:
ಬೀಜ ತೆಗೆಸುವುದರಿಂದ ಅಟ್ಟಿಸಿಕೊಂಡು ಹೋಗುವ ಚಟ ಹೋಗುವುದಿಲ್ಲ. ಬೇರೆ ಕಾರಣಕ್ಕೆ ಮಾಡಿಸುವುದಾದರೆ ಮುಧೋಳ ಅಂತ ಡಾಕ್ಟರಿಗೆ ಮೊದಲೇ ಹೇಳಿ. ಇಂಥ ನಾಯಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಕೆಲವು ಅರಿವಳಿಕೆ ಮದ್ದಿನ ಅಮಲು ಇಳಿಯಲು ತುಂಬಾ ಹೊತ್ತು ಬೇಕಾಗುತ್ತದೆ. ಇನ್ನೊಂದು ವಿಷಯ, ಹೊಟ್ಟೆ ತುಂಬಾ ಊಟ ಹಾಕಿ ತಕ್ಷಣ ಓಡಿಸಬೇಡಿ. ಎದೆ ಆಳವಿರುವ ನಾಯಿಗಳಲ್ಲಿ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯವಿದೆ, ಅದು ಕೆಲವೇ ಗಂಟೆಗಳಲ್ಲಿ ಜೀವ ತೆಗೆಯುತ್ತದೆ.

ತೋಟದಮನೆ:
ಎಲ್ಲರಿಗೂ ಥ್ಯಾಂಕ್ಸ್. ಮರಿ ಚೆನ್ನಾಗಿದೆ, ಹಾಲು ಕುಡಿಯುತ್ತಿದೆ. ಹತ್ತು ದಿನದಿಂದ ಸೀಟಿ ಅಭ್ಯಾಸ ನಡೀತಿದೆ. ಅಂಗಳದಲ್ಲಿ ಊದಿದರೆ ಬಾಣದ ಹಾಗೆ ಬರುತ್ತಾನೆ. ಮುಂದೆ?

ಘಟಪ್ರಭಾದಂಡೆ:
ಈಗ ಹತ್ತು ಮೀಟರ್ ನೂಲಿನ ಹಗ್ಗ. ಅದನ್ನು ಎದೆಪಟ್ಟಿಗೆ ಕಟ್ಟಿ, ಕೊರಳಿಗೆ ಬೇಡ. ಕೆಲವೇ ನೆಗೆತಕ್ಕೆ ಪೂರಾ ವೇಗ ಹಿಡಿಯುವ ನಾಯಿ, ಹಗ್ಗ ಮುಗಿದಾಗ ಆ ಎಳೆತವೆಲ್ಲ ಕತ್ತಿಗೆ ಬೀಳುತ್ತದೆ. ನಿಮ್ಮ ಕೈಗೂ ಗ್ಲೌಸ್ ಇರಲಿ.

ಕುರಿ ಕಾಣಬೇಕು, ಆದರೆ ಲಿವರ್ ಕೊಟ್ಟರೆ ತಿನ್ನುವಷ್ಟು ದೂರ ಇರಬೇಕು. ತಿನ್ನಲಿಲ್ಲ ಅಂದರೆ ಹತ್ತಿರ ಬಂದಿದ್ದೀರಿ, ಹಿಂದೆ ಸರಿಯಿರಿ. ಮುಖ ನೋಡ್ತಾ ಇರಿ. ಜೊಲ್ಲು ಸುರಿಸುತ್ತಾ ತೆರೆದಿದ್ದ ಬಾಯಿ ಟಕ್ಕನೆ ಮುಚ್ಚುತ್ತದೆ. ಕಿವಿ ಮುಂದಕ್ಕೆ ಬರುತ್ತದೆ, ಮುಂಗಾಲೊಂದು ನೆಲ ಬಿಡುತ್ತದೆ. ಸೀಟಿ ಊದಬೇಕಾದ್ದು ಬಾಯಿ ಮುಚ್ಚಿದ ಆ ಗಳಿಗೆಯಲ್ಲೇ. ಓಟ ಶುರುವಾದ ಮೇಲೆ ಊದಿದರೆ ಸೀಟಿಯ ಬೆಲೆಯೂ ಹೋಗುತ್ತದೆ.

ಬೇಲಿ ಆಗುವವರೆಗೆ ರಾತ್ರಿ ಬಿಡಬೇಡಿ. ಆರು ಅಡಿ ಜಾಲರಿ ಬೇಕು. ಹಗಲು ಸರಪಳಿ ಕಡಿಮೆ ಮಾಡಿ, ಬೆಳಿಗ್ಗೆ ಮುಚ್ಚಿದ ಜಾಗದಲ್ಲಿ ಹತ್ತು ನಿಮಿಷ ಮನಸೋ ಇಚ್ಛೆ ಓಡಲಿ. ಓಡದ ಮುಧೋಳ ನಾಯಿ ರೇಗದೆ ಏನು ಮಾಡುತ್ತದೆ ಹೇಳಿ?

ತೋಟದಮನೆ:
ಐದು ವಾರ ಆಯಿತು. ಬೇಲಿ ಮೂರು ಕಡೆ ಮುಗಿದಿದೆ. ನೂರು ಮಾರಿನಿಂದ ಶುರು ಮಾಡಿ ಈಗ 60 ಮಾರಿಗೆ ಬಂದಿದ್ದೇವೆ. ನಡುವೆ ಒಂದು ದಿನ ಆಸೆಬಿದ್ದು 40ಕ್ಕೆ ಹೋದೆ. ಹಗ್ಗದ ತುದಿವರೆಗೂ ನುಗ್ಗಿದ. ನನ್ನದೇ ಅವಸರ.

ನಿನ್ನೆ ಸಂಜೆ ಮಂದೆ ದಾರಿಯಲ್ಲಿ ಹೋಗುತ್ತಿತ್ತು. ಬಾಯಿ ಮುಚ್ಚಿದ, ಬಲಗಾಲು ಎತ್ತಿದ. ಊದಿದೆ. ಮೊದಲು ಕಿವಿ ಒಂದೇ ತಿರುಗಿತು. ಆಮೇಲೆ ಕತ್ತು, ಆಮೇಲೆ ಮೈ. ಬಂದು ಲಿವರ್ ತಿಂದು ನನ್ನ ಮೊಣಕಾಲಿಗೆ ಒರಗಿ ನಿಂತ. ಕುರಿಯವರು ದಾರಿಯಲ್ಲೇ ನಿಂತು ನೋಡುತ್ತಿದ್ದರು, ಇನ್ನೊಮ್ಮೆ ಊದಪ್ಪ ಅಂದರು. ಈಗ 50ಕ್ಕೆ ಇಳಿಯಬಹುದಾ?

ಘಟಪ್ರಭಾದಂಡೆ:
ಓದಿ ತುಂಬಾ ಖುಷಿ ಆಯಿತು. ಇನ್ನೂ ಎರಡು ವಾರ 60ರಲ್ಲೇ ಇರಿ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಹಗ್ಗ ಬಿಚ್ಚಬೇಡಿ. ನಾಲ್ಕನೇ ಕಡೆಯ ಬೇಲಿ ಮುಗಿದ ದಿನ ಇಲ್ಲೇ ಬರೆಯಿರಿ.