ಅಸಿಟೇಟ್ ಅಂತ ಕೊಟ್ಟಿರುವ ಈ ಬಿಳಿ ಲೇಬಲ್ ಪ್ಲೇಟು ನಿಜಕ್ಕೂ ಏನು?

ಬಿಸೈಡ್_ಪ್ರಿಯ

ನಮಸ್ಕಾರ. ಹಳೇ ರಾಕ್ ಎಲ್‌ಪಿಗಳನ್ನು ಹದಿನೈದು ವರ್ಷದಿಂದ ಕೂಡಿಡುತ್ತಿದ್ದೇನೆ. ಆದರೆ ಎಲ್ಲವೂ ಅಂಗಡಿಗೆ ಬಂದ ಮಾಮೂಲಿ ಪ್ರತಿಗಳೇ. ಈಗ ಮೊದಲ ಸಲ ಬೇರೆ ಥರದ್ದೊಂದು ಕೈಗೆ ಸಿಕ್ಕಿದೆ, ಎರಡು ದಿನದಿಂದ ಸರಿಯಾಗಿ ನಿದ್ದೆ ಇಲ್ಲ.

ಪರಿಚಯದ ಹಿರಿಯರೊಬ್ಬರು ತಮ್ಮ ಸಂಗ್ರಹ ಮಾರುತ್ತಿದ್ದಾರೆ. ಅದರಲ್ಲಿ 70ರ ದಶಕದ ಶುರುವಿನ ಒಂದು ಬ್ರಿಟಿಷ್ ಆಲ್ಬಮ್‌ನ "ಅಸಿಟೇಟ್ ಟೆಸ್ಟ್ ಪ್ರೆಸ್ಸಿಂಗ್" ಇದೆ ಅಂತ ಹೇಳಿ, ಒಂದು ವಾರ ಇಟ್ಟುಕೊಂಡು ನೋಡಿ ಅಂತ ನನ್ನ ಕೈಗೇ ಕೊಟ್ಟುಬಿಟ್ಟರು. ಆಲ್ಬಮ್ ಯಾವುದು ಅಂತ ಈಗ ಹೇಳುವುದಿಲ್ಲ, ಅವರೂ ಇಲ್ಲಿ ಓದುತ್ತಾರೆ. ಕೇಳುತ್ತಿರುವ ಬೆಲೆ ಅದೇ ಆಲ್ಬಮ್‌ನ ಒಳ್ಳೆಯ ಮೊದಲ ಪ್ರತಿಗಿಂತ ಹತ್ತು ಪಟ್ಟು ಜಾಸ್ತಿ.

ನೋಡಲು ಹೇಗಿದೆ ಅಂದರೆ, 12 ಇಂಚು, ಎರಡೂ ಕಡೆ ಹಾಡಿದೆ, ಲೇಬಲ್ ಪೂರ್ತಿ ಬಿಳಿ. ಅಚ್ಚಾದ ಒಂದಕ್ಷರವೂ ಇಲ್ಲ. ಎರಡನೇ ಕಡೆಯ ಲೇಬಲ್ ಮೇಲೆ ಪೆನ್ಸಿಲ್‌ನಲ್ಲಿ "3" ಅಂತ ಬರೆದು ಅದರ ಕೆಳಗೆ ಗೀಟು ಹಾಕಿ ಪಕ್ಕದಲ್ಲಿ ಏನೋ ಗೀಚಿದ್ದಾರೆ, ಅರ್ಧ ಅಳಿಸಿಹೋಗಿದೆ. ಅಸಿಟೇಟ್ ಅನ್ನು ಹಾಕಿದಷ್ಟೂ ಹಾಳಾಗುತ್ತದೆ ಅಂತ ಎಲ್ಲೋ ಓದಿದ್ದೆ, ಅದಕ್ಕೇ ಇನ್ನೂ ಮುಳ್ಳು ಇಟ್ಟಿಲ್ಲ.

ಇದು ಅಸಲಿಯಾ? ಒಂದು ಸಲ ಕೇಳಿದರೆ ತಪ್ಪಾ? ಮೇಲೆ ಯಾರದೋ ಹೆಬ್ಬೆಟ್ಟಿನ ಗುರುತಿದೆ, ನಾನು ಯಾವಾಗಲೂ ಮಾಡುವ ಹಾಗೆ ಆಲ್ಕೋಹಾಲ್ ಹಾಕಿ ಒರೆಸಲಾ?

ಮೂವತ್ಮೂರು_ಚಿಲ್ಲರೆ

ಒರೆಸಬೇಡಿ. ಮಿಕ್ಕಿದ್ದು ಆಮೇಲೆ.

ಈಗ ವಿಷಯಕ್ಕೆ ಬರೋಣ. "ಅಸಿಟೇಟ್ ಟೆಸ್ಟ್ ಪ್ರೆಸ್ಸಿಂಗ್" ಅನ್ನುವ ವಸ್ತುವೇ ಇಲ್ಲ. ಕೈಬರಹದ ಅಚ್ಚುಪ್ರತಿ ಅಂದ ಹಾಗಾಯಿತು ಅದು. ಅಸಿಟೇಟ್ ಆಗಿರಬೇಕು, ಇಲ್ಲವೇ ಟೆಸ್ಟ್ ಪ್ರೆಸ್ಸಿಂಗ್ ಆಗಿರಬೇಕು. ಮಾರುವವರು ಎರಡೂ ಹೆಸರು ಸೇರಿಸಿ ಹೇಳಿದರೆ ಒಂದೋ ಅವರಿಗೆ ಗೊತ್ತಿಲ್ಲ, ಇಲ್ಲವೇ ಜಾಸ್ತಿಯೇ ಗೊತ್ತಿದೆ. ನಿಮ್ಮವರು ಮೊದಲನೇ ಥರದವರು ಅಂತ ಅಂದುಕೊಳ್ಳೋಣ.

ಅಸಿಟೇಟ್ ಅಂದರೆ ಕೊರೆದದ್ದು. ಅಲ್ಯೂಮಿನಿಯಂ ತಟ್ಟೆ, ಅದರ ಮೇಲೆ ತೆಳುವಾಗಿ ಲ್ಯಾಕರ್, ಅಂದರೆ ವಾರ್ನಿಷ್ ಥರದ ಲೇಪ. ಹೆಸರು ಅಸಿಟೇಟ್ ಅಂತಿದ್ದರೂ ಆ ಲ್ಯಾಕರ್ ನಿಜಕ್ಕೆ ನೈಟ್ರೋಸೆಲ್ಯುಲೋಸ್, ಹೆಸರು ಮಾತ್ರ ಹಾಗೇ ಉಳಿದುಬಿಟ್ಟಿದೆ. ಟೇಪ್ ಓಡುತ್ತಿದ್ದಂತೆ ಲೇತ್ ಅನ್ನುವ ಕೊರೆಯುವ ಯಂತ್ರದ ಮೇಲೆ ಗ್ರೂವ್, ಅಂದರೆ ಮುಳ್ಳು ಓಡುವ ಸಣ್ಣ ಗಾಡಿ, ಕೊರೆಯುತ್ತಾರೆ. ಇಪ್ಪತ್ತು ನಿಮಿಷದ ಹಾಡಿಗೆ ಇಪ್ಪತ್ತು ನಿಮಿಷ ಬೇಕು, ಒಂದು ಸಲಕ್ಕೆ ಒಂದೇ ತಟ್ಟೆ. ಅವತ್ತಿನ ಮಿಕ್ಸ್ ಹೇಗಿದೆ ಅಂತ ಮನೆಗೆ ಒಯ್ದು ಕೇಳಲು ಹಾಡುಗಾರರು, ಪ್ರೊಡ್ಯೂಸರ್‌ಗಳು ಇದನ್ನು ಮಾಡಿಸಿಕೊಳ್ಳುತ್ತಿದ್ದರು. ಆಗ ಕ್ಯಾಸೆಟ್ ಇನ್ನೂ ಅಷ್ಟಾಗಿ ಬಂದಿರಲಿಲ್ಲ, ಅಲ್ವಾ.

ಟೆಸ್ಟ್ ಪ್ರೆಸ್ಸಿಂಗ್ ಅಂದರೆ ಒತ್ತಿದ್ದು. ಮಾಸ್ಟರ್ ಲ್ಯಾಕರ್ ಒಂದನ್ನು ಕೊರೆದು, ಅದಕ್ಕೆ ಬೆಳ್ಳಿ ಲೇಪಿಸಿ, ನಿಕಲ್ ಕೂರಿಸಿ ಕಿತ್ತರೆ ಉಲ್ಟಾ ಅಚ್ಚು ಬರುತ್ತದೆ, ಅದು ಫಾದರ್. ಅದರಿಂದ ಮದರ್. ಮದರ್‌ನಿಂದ ಸ್ಟಾಂಪರ್. ಸ್ಟಾಂಪರ್‌ನಿಂದ ವಿನೈಲ್ ಒತ್ತುತ್ತಾರೆ. ಸಾವಿರಾರು ಪ್ರತಿ ಒತ್ತುವ ಮೊದಲು ಕೆಲವನ್ನು ಮಾತ್ರ ಒತ್ತಿ, ಟಿಕ್ಕು ಪಕ್ಕು ಏನಾದರೂ ಇದೆಯಾ ಅಂತ ಕೂತು ಕೇಳುತ್ತಾರೆ. ಆ ಕೆಲವೇ ಟೆಸ್ಟ್ ಪ್ರೆಸ್ಸಿಂಗ್. ಒಳಗಿರುವುದು ಮಾಮೂಲಿ ವಿನೈಲೇ, ಲೇಬಲ್ ಮಾತ್ರ ಬಿಳಿ.

ನೀವು ಮಾಡಬೇಕಾದ್ದು ಇಷ್ಟು. ಬೆಳಕಿಗೆ ಹಿಡಿದು ನಡುವಿನ ತೂತಿನ ಅಂಚು ನೋಡಿ. ಅಸಿಟೇಟ್ ಆದರೆ ಅಲ್ಲಿ ಲೋಹ ಮಿನುಗುತ್ತದೆ, ಕಪ್ಪು ಲೋಹ ಕಪ್ಪು ಅಂತ ಮೂರು ಪದರ ಕಾಣುತ್ತದೆ. ಆಮೇಲೆ ಲೇಬಲ್ ಮೇಲೆ ಮೆಲ್ಲಗೆ ಬೆರಳಾಡಿಸಿ. ಲೇತ್ ಮೇಲೆ ಜಾರದಿರಲಿ ಅಂತ ಖಾಲಿ ತಟ್ಟೆಗೆ ನಡುವಿನ ತೂತಿನ ಪಕ್ಕ ಇನ್ನೊಂದೆರಡು ತೂತು ಇರುವುದುಂಟು. ಲೇಬಲ್ ಅದನ್ನು ಮುಚ್ಚಿದ್ದರೂ ಬೆರಳಿಗೆ ತಗ್ಗು ಸಿಗುತ್ತದೆ. ತೂಕವೂ ಎಲ್‌ಪಿಗಿಂತ ಜಾಸ್ತಿ. ಅಂಚು ಸಾಮಾನ್ಯವಾಗಿ ಚಪ್ಪಟೆ, ವಿನೈಲ್‌ಗೆ ಇರುವ ಉಬ್ಬಿದ ದಡ ಇರುವುದಿಲ್ಲ. ಕೊನೆಯದಾಗಿ ಹಾಡು ಮುಗಿದ ಮೇಲಿನ ನುಣುಪು ಜಾಗದಲ್ಲಿ ಏನೇನು ಬರೆದಿದೆ, ಗಡಿಯಾರದ ಯಾವ ದಿಕ್ಕಿನಲ್ಲಿ ಬರೆದಿದೆ, ಎಲ್ಲವನ್ನೂ ಇಲ್ಲಿ ಹಾಕಿ. ಒಂದಕ್ಷರವನ್ನೂ ಬಿಡಬೇಡಿ.

ಸೂಜಿಮುಳ್ಳು

ಆಲ್ಕೋಹಾಲ್ ವಿಷಯದಲ್ಲಿ ನನ್ನ ಕಥೆ ಕೇಳಿ. ಬೇರೆಯವರಿಗಾದರೂ ಬುದ್ಧಿ ಬರಲಿ.

ಒಂದು 10 ಇಂಚಿನ ಅಸಿಟೇಟ್ ಸಿಕ್ಕಿತ್ತು. ದೊಡ್ಡ ಹೆಸರಿನ ಬ್ಯಾಂಡ್ ಏನಲ್ಲ. ಮೇಲೆ ತೆಳುವಾಗಿ ಬೂದಿ ಉದುರಿಸಿದ ಹಾಗೆ ಬಿಳಿ ಪುಡಿ ಇತ್ತು. ಬೂಷ್ಟು ಅಂದುಕೊಂಡೆ. ವಿನೈಲ್‌ಗೆ ಮಾಡುವ ಹಾಗೆ ಬಟ್ಟೆಗೆ ಆಲ್ಕೋಹಾಲ್ ತಗೊಂಡು ಒಂದು ಸುತ್ತು ಒರೆಸಿದೆ, ಅಷ್ಟೇ. ಬಟ್ಟೆ ಕಪ್ಪಗಾಯಿತು. ಕೊಳೆ ಎಷ್ಟಿದೆ ನೋಡಿ ಅಂತ ಖುಷಿಯಲ್ಲಿ ಇನ್ನೊಂದು ಸುತ್ತು ಒರೆಸಿದೆ. ಆಮೇಲೆ ಗೊತ್ತಾಯಿತು ಕಪ್ಪು ಬಂದದ್ದು ಕೊಳೆಯಲ್ಲ, ಹಾಡೇ ಅಂತ. ಆಲ್ಕೋಹಾಲ್‌ಗೆ ಲ್ಯಾಕರ್ ಕರಗುತ್ತದೆ. ಈಗಲೂ ಇಟ್ಟುಕೊಂಡಿದ್ದೇನೆ, ಒಂದು ಕಡೆ ಕನ್ನಡಿಯ ಹಾಗೆ ಹೊಳೆಯುತ್ತದೆ.

ಆ ಬಿಳಿ ಪುಡಿ ಏನು ಅಂತ ಆಮೇಲೆ ತಿಳಿದುಕೊಂಡೆ. ಲ್ಯಾಕರ್ ಬಿರುಸಾಗದೆ ಮೆತ್ತಗಿರಲಿ ಅಂತ ಅದರಲ್ಲಿ ಹರಳೆಣ್ಣೆ ಬೆರೆಸುತ್ತಿದ್ದರು. ವರ್ಷಗಳು ಕಳೆದಂತೆ ಅದು ಒಡೆದು ಪಾಲ್ಮಿಟಿಕ್, ಸ್ಟಿಯರಿಕ್ ಆಮ್ಲಗಳಾಗಿ ಮೇಲಕ್ಕೆ ಬರುತ್ತದೆ. ಎಣ್ಣೆ ಹೋದ ಮೇಲೆ ಲ್ಯಾಕರ್ ಕುಗ್ಗುತ್ತದೆ, ಆದರೆ ಅಡಿಯ ಅಲ್ಯೂಮಿನಿಯಂ ಕುಗ್ಗುವುದಿಲ್ಲ. ಬೇಸಿಗೆಯಲ್ಲಿ ಒಣಗಿದ ಕೆರೆಯ ತಳ ನೋಡಿದ್ದೀರಲ್ಲ, ಹಾಗೆ ಬಿರುಕು ಬಿಟ್ಟು ಚಕ್ಕೆ ಚಕ್ಕೆ ಏಳುತ್ತದೆ. ಯಾರೂ ಮುಟ್ಟದೆ ಇದ್ದರೂ ಏಳುತ್ತದೆ.

ಅದಕ್ಕೇ "ಅಸಿಟೇಟ್ ಹಾಕಲೇಬಾರದು" ಅನ್ನುವವರ ಮಾತು ನನಗೆ ಒಪ್ಪಿಗೆ ಇಲ್ಲ. ಕವರ್ ಒಳಗಿಟ್ಟು ಪೂಜೆ ಮಾಡಿದರೂ ಅದು ಸಾಯುತ್ತದೆ. ಒಂದೇ ಸಲ ಹಾಕಿ. ಆದರೆ ಒಳ್ಳೆಯ ಮುಳ್ಳು, ಸರಿಯಾದ ತೂಕ, ರೆಕಾರ್ಡಿಂಗ್ ಆನ್ ಇರಲಿ. ಆಮೇಲೆ ನಿಲ್ಲಿಸಿಡಿ. ತಂಪಾದ, ಒಣಗಿದ ಜಾಗ ಇರಲಿ. ಬಿಸಿಲು, ಬೆಂಕಿ ಹತ್ತಿರ ಬೇಡವೇ ಬೇಡ, ನೈಟ್ರೋಸೆಲ್ಯುಲೋಸ್ ಚೆನ್ನಾಗಿ ಉರಿಯುತ್ತದೆ.

ಎಲ್ವಿಸ್ ಪ್ರೆಸ್ಲಿ 1953ರಲ್ಲಿ ಮೆಂಫಿಸ್‌ನಲ್ಲಿ ಕೈಯಿಂದ ದುಡ್ಡು ಕೊಟ್ಟು ಮಾಡಿಸಿಕೊಂಡ ಮೊದಲ ಅಸಿಟೇಟ್ 2015ರಲ್ಲಿ 3 ಲಕ್ಷ ಡಾಲರ್‌ಗೆ ಹರಾಜಾಯಿತಲ್ಲ, ತಗೊಂಡವರು ರಾಕ್ ಸಂಗೀತಗಾರ ಜ್ಯಾಕ್ ವೈಟ್. ಅವರು ತಿಜೋರಿಯಲ್ಲಿ ಇಟ್ಟು ಸುಮ್ನೆ ಕೂರಲಿಲ್ಲ. ಅದರ ಧ್ವನಿ ತೆಗೆಸಿ ಅದೇ ವರ್ಷ ಅದೇ ಥರದ ಪ್ಲೇಟು ಒತ್ತಿಸಿ ಹೊರತಂದರು. ಹಾಗಿರಬೇಕು.

ಧೂಳುಕವರ್

ಮುಳ್ಳಣ್ಣ, ಎಲ್ಲರಿಗೂ ಜ್ಯಾಕ್ ವೈಟ್ ಅವರ ಸ್ಟುಡಿಯೋ ಇರುವುದಿಲ್ಲ. ಮನೆಯ ಟರ್ನ್‌ಟೇಬಲ್ ಮೇಲೆ ಅರೆಬರೆ ಮುಳ್ಳು ಇಟ್ಟು "ಒಂದೇ ಸಲ" ಅಂತ ಶುರು ಮಾಡಿ, ಲೆವೆಲ್ ಸರಿ ಬರಲಿಲ್ಲ ಅಂತ ಐದು ಸಲ ಹಾಕಿದವರನ್ನು ನೋಡಿದ್ದೇನೆ. ಮೊದಲು ಹೋಗುವುದೇ ಮೇಲಿನ ಸ್ವರಗಳು, ಸಿಂಬಲ್ ಸದ್ದು ಅಕ್ಕಿ ಕೇರಿದ ಹಾಗೆ ಕೇಳಿಸಲು ಶುರುವಾಗುತ್ತದೆ. ಈ ಕೆಲಸ ಗೊತ್ತಿರುವವರ ಕೈಗೆ ಕೊಡಿ ಅಂತ ನನ್ನ ಮಾತು.

ಪ್ರಿಯ ಅವರೇ, ನಿಮಗೆ ಬೇರೆ ಮಾತು ಹೇಳಬೇಕು. ಜನ ಅಸಿಟೇಟ್‌ಗೆ ಯಾಕೆ ಹುಚ್ಚು ಬೆಲೆ ಕೊಡುತ್ತಾರೆ? ಅದರಲ್ಲಿ ಬೇರೆ ಎಲ್ಲೂ ಇಲ್ಲದ ಹಾಡು ಇರಬಹುದು ಅಂತ. 2002ರಲ್ಲಿ ನ್ಯೂಯಾರ್ಕಿನ ರಸ್ತೆ ಬದಿಯಲ್ಲಿ ಒಬ್ಬರು 75 ಸೆಂಟ್‌ಗೆ ಒಂದು ಅಸಿಟೇಟ್ ತಗೊಂಡರು. ಅದು ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ರಾಕ್ ಬ್ಯಾಂಡ್ 1966ರಲ್ಲಿ ಮಾಡಿಸಿದ್ದು. 1967ರಲ್ಲಿ ಬಂದ ಅವರ ಮೊದಲ ಆಲ್ಬಮ್‌ನಲ್ಲಿ ಇಲ್ಲದ ಟೇಕ್‌ಗಳು, ಬೇರೆ ಮಿಕ್ಸ್‌ಗಳು ಅದರಲ್ಲಿದ್ದವು. 2006ರಲ್ಲಿ ಆನ್‌ಲೈನ್ ಹರಾಜಿಗೆ ಇಟ್ಟಾಗ 1,55,401 ಡಾಲರ್ ತನಕ ಏರಿತು, ಆದರೆ ಕೂಗಿದವರು ದುಡ್ಡು ಕೊಡಲಿಲ್ಲ. ಮತ್ತೆ ಇಟ್ಟಾಗ 25,200ಕ್ಕೆ ಹೋಯಿತು. ಎಲ್ಲರೂ ಮೊದಲನೇ ಸಂಖ್ಯೆಯನ್ನೇ ಹೇಳಿಕೊಂಡು ಓಡಾಡುತ್ತಾರೆ, ಎರಡನೆಯದನ್ನು ಯಾರೂ ಹೇಳುವುದಿಲ್ಲ.

ಟೆಸ್ಟ್ ಪ್ರೆಸ್ಸಿಂಗ್‌ನಲ್ಲಿ ಆ ಆಸೆ ಕಡಿಮೆ. ಅಂಗಡಿ ಪ್ರತಿ ಬಂದ ಅಚ್ಚಿನಿಂದಲೇ ಬಂದಿರುತ್ತದೆ, ಹಾಡು ಅದೇ. ಹೊರಬರದೆ ನಿಂತುಹೋದ ಆಲ್ಬಮ್ಮೋ, ಕೊನೆ ಗಳಿಗೆಯಲ್ಲಿ ಹಾಡು ಬದಲಾದದ್ದೋ ಆದರೆ ಮಾತು ಬೇರೆ.

ಬಿಳಿ ಲೇಬಲ್ ಕಂಡ ಕೂಡಲೇ ಮರುಳಾಗಬೇಡಿ. 1969ರಲ್ಲಿ ಅಮೆರಿಕದಲ್ಲಿ ಬಾಬ್ ಡಿಲನ್ ಅವರ ಹೊರಬರದ ಹಾಡುಗಳನ್ನು ಕದ್ದು ಒತ್ತಿ ಮಾರಿದ ಪ್ಲೇಟುಗಳಿಗೂ ಬಿಳಿ ಲೇಬಲ್ಲೇ, ಕವರೂ ಬಿಳಿ. ಕಳ್ಳಮಾಲಿಗೆ ಲೇಬಲ್ ಅಚ್ಚು ಹಾಕಿಸಿ ಸಿಕ್ಕಿಬೀಳುವವರು ಯಾರು? ಇನ್ನು ಹೊಸ ಖಾಲಿ ಲ್ಯಾಕರ್ ತಂದು, ಸಿಡಿಯಿಂದ ಹಾಡು ಕೊರೆದು, ಬ್ರಿಟನ್ನಿನ ಇಎಂಐ ರೆಕಾರ್ಡ್ ಕಂಪನಿ ಅಸಿಟೇಟ್‌ಗೆ ಹಾಕುತ್ತಿದ್ದ ಹಳೇ ಎಮಿಡಿಸ್ಕ್ ಲೇಬಲ್ ಥರದ್ದು ಅಂಟಿಸಿ ಬೀಟಲ್ಸ್ ಅಸಿಟೇಟ್ ಅಂತ ಮಾರುವವರೂ ಇದ್ದಾರೆ. ತೂತಿನಲ್ಲಿ ಲೋಹ ಕಂಡರೆ ಅಸಿಟೇಟ್ ಅಂತ ಗೊತ್ತಾಗುತ್ತದೆ, ಹಳೆಯದು ಅಂತ ಗೊತ್ತಾಗುವುದಿಲ್ಲ. ಯಾರ ಕೈಯಿಂದ ಯಾರ ಕೈಗೆ ಬಂತು ಅಂತ ಕೇಳಿ. ಉತ್ತರ ತಡವರಿಸಿದರೆ ಪ್ಲೇಟು ವಾಪಸ್ ಕೊಟ್ಟುಬಿಡಿ.

ಬಿಸೈಡ್_ಪ್ರಿಯ

ಎಲ್ಲರಿಗೂ ಥ್ಯಾಂಕ್ಸ್. ಟಾರ್ಚ್ ಹಿಡಿದು ಒಂದು ಗಂಟೆ ಕೂತಿದ್ದೆ, ಮನೆಯವರು ಬಾಗಿಲಲ್ಲಿ ನಿಂತು ನೋಡಿ ಏನೂ ಹೇಳದೆ ಹೋದರು.

ತೂತಿನ ಅಂಚು ಪೂರ್ತಿ ಕಪ್ಪು, ಲೋಹ ಇಲ್ಲ. ಲೇಬಲ್ ಅಡಿ ಬೇರೆ ತೂತೂ ಇಲ್ಲ. ದಡ ಉಬ್ಬಿದೆ. ನುಣುಪು ಜಾಗದಲ್ಲಿ ಆಲ್ಬಮ್ಮಿನ ಮ್ಯಾಟ್ರಿಕ್ಸ್ ನಂಬರ್, ಅಂದರೆ ಆ ಕಡೆಗೆ ಕಂಪನಿ ಕೊಟ್ಟ ಗುರುತಿನ ಸಂಖ್ಯೆ, ಕೊನೆಗೆ ಅಡ್ಡಗೆರೆ 1. ಅದನ್ನು ಕೆಳಗೆ ಆರು ಗಂಟೆಯ ಜಾಗಕ್ಕೆ ಹಿಡಿದರೆ ಎಡಕ್ಕೆ, ಅಂದರೆ ಒಂಬತ್ತು ಗಂಟೆಯಲ್ಲಿ 1 ಅಂತಿದೆ. ಬಲಕ್ಕೆ ಮೂರು ಗಂಟೆಯಲ್ಲಿ ಒಂದೇ ಒಂದು ಇಂಗ್ಲಿಷ್ ಅಕ್ಷರ, ಜಿ. ಎರಡೂ ಕಡೆ ಹಾಗೇ.

ಅಂದರೆ ಅಸಿಟೇಟ್ ಅಲ್ಲ ಅಂತಾಯಿತು. ಸ್ವಲ್ಪ ಬೇಜಾರೇ.

ಮೂವತ್ಮೂರು_ಚಿಲ್ಲರೆ

ಬೇಜಾರಾ? ನಾನಾಗಿದ್ದರೆ ಕುಣಿಯುತ್ತಿದ್ದೆ.

ಇದು ಇಎಂಐ ಕಂಪನಿಯ ಹೇಯ್ಸ್ ಕಾರ್ಖಾನೆಯ ಗುರುತು ಹಾಕುವ ಪದ್ಧತಿ. ಆರು ಗಂಟೆಯಲ್ಲಿರುವುದು ಎಷ್ಟನೇ ಲ್ಯಾಕರ್ ಅಂತ. ಒಂಬತ್ತರಲ್ಲಿರುವುದು ಎಷ್ಟನೇ ಮದರ್ ಅಂತ. ಮೂರರಲ್ಲಿರುವುದು ಸ್ಟಾಂಪರ್. ಅದಕ್ಕೆ ಅಂಕಿಯ ಬದಲು ಹತ್ತು ಅಕ್ಷರಗಳ ಗುಟ್ಟು ಇಟ್ಟಿದ್ದರು. ಇಎಂಐಗೆ ಸೇರಿದ ಗ್ರಾಮಫೋನ್ ಕಂಪನಿಯ ಹೆಸರಿನಿಂದ ಹೆಕ್ಕಿದ ಅಕ್ಷರಗಳು, ಜಿ ಅಂದರೆ 1, ಆರ್ 2, ಎ 3, ಎಂ 4, ಓ 5, ಪಿ 6, ಎಚ್ 7, ಎಲ್ 8, ಟಿ 9, ಡಿ 0. ಹಾಗಾಗಿ ನಿಮ್ಮದು ಮೊದಲ ಲ್ಯಾಕರ್, ಮೊದಲ ಮದರ್, ಮೊದಲ ಸ್ಟಾಂಪರ್. ಅಚ್ಚಿನ ಲೆಕ್ಕದಲ್ಲಿ ಇದಕ್ಕಿಂತ ಹಿಂದೆ ಹೋಗಲು ಜಾಗವೇ ಇಲ್ಲ. ಬಿಳಿ ಲೇಬಲ್ ಬೇರೆ. ಟೆಸ್ಟ್ ಪ್ರೆಸ್ಸಿಂಗ್ ಅನ್ನಲು ನನಗಂತೂ ಇಷ್ಟು ಸಾಕು.

ವಿನೈಲ್ ಆದ್ದರಿಂದ ಧೈರ್ಯವಾಗಿ ಹಾಕಿ. ಎರಡನೇ ಕಡೆಯ ಮೂರನೇ ಹಾಡನ್ನು ಗಮನವಿಟ್ಟು ಕೇಳಿ. ಪೆನ್ಸಿಲ್‌ನಲ್ಲಿ 3 ಅಂತ ಬರೆದವರು ಸುಮ್ನೆ ಬರೆದಿರಲಿಕ್ಕಿಲ್ಲ.

ಆ ಪೆನ್ಸಿಲ್ ಗುರುತನ್ನು ಒರೆಸಿ ಚೊಕ್ಕ ಮಾಡಲು ಮಾತ್ರ ಹೋಗಬೇಡಿ ಮಾರಾಯ್ರೇ.

ಬಿಸೈಡ್_ಪ್ರಿಯ

ಟಿಕ್ ಇದೆ!! ಮೂರನೇ ಹಾಡಿನ ಎರಡನೇ ಚರಣದಲ್ಲಿ, ಗಿಟಾರ್ ನಿಂತು ದನಿ ಮಾತ್ರ ಇರುವ ಕಡೆ, ಸುತ್ತಿಗೊಮ್ಮೆ ಟಿಕ್, ಟಿಕ್, ಟಿಕ್, ಒಟ್ಟು ಏಳು ಸಲ. ಕೊಳೆ ಇರಬೇಕು ಅಂತ ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು ಮತ್ತೆ ಹಾಕಿದೆ. ಅದೇ ಏಳು. ಭೂತಗನ್ನಡಿಯಲ್ಲಿ ನೋಡಿದರೆ ಗೀರಿಲ್ಲ, ಏಳು ಗ್ರೂವ್ ದಾಟಿದ ಸಾಸಿವೆಗಿಂತ ಸಣ್ಣ ಗುಳ್ಳೆ ಇದೆ. ಈಗ ಆ ಗೀಚಿದ್ದೂ ಓದಲು ಬಂತು, "ಟಿಕ್" ಅಂತಲೇ ಬರೆದಿದ್ದಾರೆ.

ನನ್ನ ಹತ್ತಿರ ಇರುವ ಅಂಗಡಿ ಪ್ರತಿ ತೆಗೆದು ನೋಡಿದೆ. ಲ್ಯಾಕರ್ ಅದೇ 1, ಮದರ್ 2, ಸ್ಟಾಂಪರ್ ಆರ್ ಎಂ, ಅಂದರೆ 24 ತಾನೇ? ಅದರಲ್ಲಿ ಟಿಕ್ ಇಲ್ಲ.

ಧೂಳುಕವರ್

ಹಾಗಾದರೆ ಲ್ಯಾಕರ್ ಸರಿ ಇತ್ತು. ಕೆಟ್ಟದ್ದು ಒಂದನೇ ಮದರ್‌ನಲ್ಲೋ, ಜಿ ಸ್ಟಾಂಪರ್‌ನಲ್ಲೋ, ಇಲ್ಲ ಈ ಒಂದು ಪ್ಲೇಟು ಒತ್ತುವಾಗಲೋ. ಒಂದನೇ ಮದರ್‌ನ ಇನ್ನೊಂದು ಪ್ರತಿ ಸಿಕ್ಕರೆ ಅರ್ಧ ಉತ್ತರ ಸಿಗುತ್ತದೆ.

ನಾನು ಕಳ್ಳಮಾಲು ಅಂದುಕೊಂಡಿದ್ದೆ, ಒಪ್ಪಿಕೊಂಡೆ. ಆದರೂ ಹತ್ತು ಪಟ್ಟು ಬೆಲೆ ಅಸಿಟೇಟ್ ಅನ್ನುವ ಮಾತಿಗೆ ಕೇಳಿದ್ದು. ಅದನ್ನು ಕೊಡಬೇಡಿ.

ಗಾಜಿನ_ಕಪಾಟು

ಆ "ಪರಿಚಯದ ಹಿರಿಯರು" ನಾನೇ. ಮೊದಲ ದಿನದಿಂದ ಓದುತ್ತಿದ್ದೇನೆ.

ನನಗೆ ಮಾರಿದವರು ಅಸಿಟೇಟ್ ಅಂದರು, ನಾನು ನಂಬಿದೆ. ಸವೆದುಹೋಗುತ್ತದೆ ಅಂತ ಇಪ್ಪತ್ತೆರಡು ವರ್ಷದಲ್ಲಿ ಒಂದು ಸಲವೂ ಹಾಕಿಲ್ಲ. ವಿನೈಲ್ ಪ್ಲೇಟಿಗೆ ಗಾಜಿನ ಕಪಾಟು ಮಾಡಿಸಿ ಕೂತಿದ್ದೆ ಅಂತ ಈಗ ಗೊತ್ತಾಯಿತು.

ಪ್ರಿಯ, ಭಾನುವಾರ ಪ್ಲೇಟು ತಗೊಂಡು ಬನ್ನಿ. ನಿಮ್ಮ ಅಂಗಡಿ ಪ್ರತಿಯನ್ನೂ ತನ್ನಿ. ಬೆಲೆ ಆಮೇಲೆ ಮಾತಾಡೋಣ, ಮೊದಲು ನಾನು ಆ ಏಳು ಟಿಕ್ ಕೇಳಬೇಕು.